ಹೆಡ್‌ಲೈಟ್ ಉಜ್ಜಿದೆ, ಎರಡು ತಿಂಗಳಲ್ಲಿ ಮತ್ತೆ ಮಂಕು. ಸ್ಪ್ರೇ ಹೊಡೆದೆ, ಮಜ್ಜಿಗೆಯಾಯಿತು. ಈಗೇನು ಮಾಡಲಿ?

ಕೋಡಿಬಾಗ_ಗಾಡಿ | ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ಕಾರವಾರ ಕೋಡಿಬಾಗದವನು. 2014ರ ಸಣ್ಣ ಕಾರು. ಎಂಜಿನ್ ಗಟ್ಟಿಮುಟ್ಟು, ಎಸಿ ತಣ್ಣಗೆ. ಹೆಡ್‌ಲೈಟಿಗೆ ಮಾತ್ರ ಅಜ್ಜನ ಕಣ್ಣಿನ ಹಾಗೆ ಪೊರೆ ಬಂದಿದೆ.

ನಮ್ಮಲ್ಲಿ ಶೆಡ್ ಇಲ್ಲ. ಗಾಡಿ ಓಣಿಯಲ್ಲೇ ನಿಲ್ಲುತ್ತದೆ, ಮೂತಿ ಸಮುದ್ರದ ಕಡೆಗೆ. ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವ ತನಕ ಬಿಸಿಲು ನೇರ ದೀಪದ ಮೇಲೇ ಬೀಳುತ್ತದೆ. ಬಲ ದೀಪ ಎಡಕ್ಕಿಂತ ಜಾಸ್ತಿ ಹಳದಿ. ಎಡಕ್ಕೆ ಪಕ್ಕದ ಮನೆಯ ತೆಂಗಿನ ನೆರಳು ಸಿಗುತ್ತದೆ, ಅದಕ್ಕೇ ಇರಬೇಕು.

ಇಲ್ಲಿಯವರೆಗೆ ಮಾಡಿದ ಘನಕಾರ್ಯ ಹೇಳುತ್ತೇನೆ, ಬೈಯಬೇಡಿ. ಮೊದಲು ಟೂತ್‌ಪೇಸ್ಟ್. ಹದಿನೈದು ದಿನ ಫಳಫಳ, ಆಮೇಲೆ ಯಥಾಪ್ರಕಾರ. ಮೇ ತಿಂಗಳಲ್ಲಿ ವಿಡಿಯೊ ನೋಡಿ 1000 ಮತ್ತು 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ತಂದು ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆ. ಮಸ್ತ್ ಆಗಿತ್ತು. ಅಪ್ಪ ಕೂಡ ಹೊರಗೆ ಬಂದು ನೋಡಿ ಹೋದರು, ಅದೇ ದೊಡ್ಡ ಸರ್ಟಿಫಿಕೇಟು. ಜುಲೈ ಮಧ್ಯಕ್ಕೆ ಮತ್ತೆ ಮಂಕು. ಬಲ ದೀಪದಲ್ಲಿ ನಕಾಶೆಯಲ್ಲಿ ದ್ವೀಪ ಬಿಡಿಸಿದ ಹಾಗೆ ಕಲೆ ಬೇರೆ.

ಸರಿ, ಮೇಲೆ ಏನಾದರೂ ಬಳಿಯಬೇಕು ಅಂದುಕೊಂಡು ಕಳೆದ ಭಾನುವಾರ ಒಂದು ಕ್ಲಿಯರ್ ಲ್ಯಾಕರ್, ಅಂದರೆ ಬಣ್ಣ ಇಲ್ಲದ ವಾರ್ನಿಷ್ ಥರದ ಸ್ಪ್ರೇ ತಂದೆ. ಮಳೆ ಬಿಟ್ಟಿತ್ತು. ಮತ್ತೆ ಉಜ್ಜಿ, ಒರೆಸಿ, ಹೊಡೆದೆ. ಮೊದಲ ಐದು ನಿಮಿಷ ಗಾಜಿನ ಹಾಗಿತ್ತು. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ದೀಪ ಬಿಳಿ ಮಜ್ಜಿಗೆ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಚೌತಿಗೆ ಮುಂಚೆ ಯಲ್ಲಾಪುರಕ್ಕೆ ಹೋಗಬೇಕು, ತಂಗಿ ಮನೆ. ಅರಬೈಲ್ ಘಟ್ಟದಲ್ಲಿ ಮಂಜು, ಮಳೆ, ಎದುರಿಗೆ ಲಾರಿ. ಈ ದೀಪದಲ್ಲಿ ಹೋಗುವ ಧೈರ್ಯ ಇಲ್ಲ. ಇಲ್ಲೇ ಕಾಳಿ ಸೇತುವೆ ಮೇಲೂ ಕಷ್ಟವೇ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದ ಮೇಲೆ ಹೋಗುವವರು ಬರುವವರು ಎಲ್ಲ ಒಂದೇ ಸೇತುವೆಗೆ ಬಿದ್ದಾಗಿನಿಂದ ಎದುರಿನ ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ನನ್ನದು ಮಾತ್ರ ಮುಂದೆ ಹೋಗುವುದೇ ಇಲ್ಲ.

ಇನ್ನೊಂದು. ಎಡ ದೀಪದ ಒಳಗೆ ನೀರಿನ ಹನಿ ಕೂತಿದೆ. ಅದೂ ಇದೂ ಒಂದೇ ಕಾಯಿಲೆಯೋ ಬೇರೆಯೋ?

ಕುಮಟಾ_ರೈಡರ್ | ಆಗಸ್ಟ್ 3

ಹೊಸದು ಹಾಕಿಸಿ ಮಾರಾಯ್ರೆ. ಯಾಕೆ ಈ ಗೋಳು.

ಕೋಡಿಬಾಗ_ಗಾಡಿ | ಆಗಸ್ಟ್ 3

ಒರಿಜಿನಲ್ ಜೋಡಿಯ ರೇಟ್ ಕೇಳಿದೆ. ಕೇಳಿ ಸುಮ್ಮನೆ ಫೋನ್ ಇಟ್ಟೆ. ಡೂಪ್ಲಿಕೇಟ್ ಹಾಕಿಸಿದ ಗೆಳೆಯನ ಗಾಡಿ ಎರಡೇ ಮಳೆಗಾಲಕ್ಕೆ ನನ್ನದರ ಹಾಗೇ ಆಗಿದೆ.

ಕುಮಟಾ_ರೈಡರ್ | ಆಗಸ್ಟ್ 4

ಹಾಗಾದರೆ ಸುಲಭ. ಎನ್‌ಸಿ ಥಿನ್ನರ್ ಬಟ್ಟೆಗೆ ಹಾಕಿ ಒರೆಸಿ. ಲ್ಯಾಕರ್ ಎರಡು ನಿಮಿಷದಲ್ಲಿ ಹೋಗುತ್ತದೆ.

ಶಿರಸಿ_ಪೇಂಟರ್ | ಆಗಸ್ಟ್ 4

ಥಿನ್ನರ್ ಮುಟ್ಟಿಸಬೇಡಿ! ಉಳಿದದ್ದು ಆಮೇಲೆ ಬರೆಯುತ್ತೇನೆ, ಮೊದಲು ಇದನ್ನು ಓದಿ.

ಹೆಡ್‌ಲೈಟಿನ ಮುಂಭಾಗವನ್ನು ನಾವೆಲ್ಲ ಗ್ಲಾಸು ಅನ್ನುತ್ತೇವೆ. ಅದು ಗ್ಲಾಸ್ ಅಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಸುತ್ತಿಗೆಯಲ್ಲಿ ಹೊಡೆದರೂ ಬೇಗ ಒಡೆಯುವುದಿಲ್ಲ. ಆದರೆ ಥಿನ್ನರ್, ಅಸಿಟೋನ್, ಪೆಟ್ರೋಲ್ ತಾಗಿದರೆ ಮುಗಿಯಿತು. ನಾನು ಕೆಲಸ ಕಲಿಯುವಾಗ ಒಂದು ವ್ಯಾನಿನ ದೀಪಕ್ಕೆ ಬಿದ್ದ ಬಣ್ಣದ ಹನಿಯನ್ನು ಥಿನ್ನರಿನಲ್ಲಿ ಒರೆಸಿದ್ದೆ. ಬಣ್ಣ ಹೋಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಬೆರಳು ಆಡಿದ ಜಾಗದಲ್ಲೆಲ್ಲ ಕೂದಲೆಳೆಯಂಥ ಬಿರುಕು, ಜೇಡರ ಬಲೆ ನೇಯ್ದ ಹಾಗೆ. ಬಿರುಕು ಆಳಕ್ಕೆ ಇಳಿದಿತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಎರಡು ತಿಂಗಳ ಸಂಬಳದಲ್ಲಿ ಆ ದೀಪದ ದುಡ್ಡು ಮುರಿದುಕೊಂಡರು.

ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸಿದರೆ ಹೊಳೆಯುತ್ತದೆ ಅನ್ನುವ ವಿಡಿಯೊ ಕೂಡ ಓಡಾಡುತ್ತಿದೆ. ಅದರಲ್ಲಿ ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ. ಹೊಳಪು ಕಂಡದ್ದು ಅದಕ್ಕೇ. ವಾರ ಬಿಟ್ಟು ಆ ವಿಡಿಯೊದವರ ದೀಪ ಯಾರೂ ತೋರಿಸುವುದಿಲ್ಲ.

ಈಗ ನನಗೆ ಮೂರು ಉತ್ತರ ಬೇಕು. ದೀಪದ ಮೇಲೆ ನೀರು ಸುರಿದರೆ, ಲ್ಯಾಕರ್ ತಾಗದ ಮೂಲೆಯಲ್ಲಿ ಮಂಕು ಹೋಗುತ್ತದೋ ಇಲ್ಲವೋ? ಬಲಗಡೆಯ ಕಲೆಯ ಅಂಚಿಗೆ ಉಗುರು ತಾಗಿಸಿದರೆ ಮೆಟ್ಟಿಲು ಸಿಗುತ್ತದೋ? ಒಳಗಿನ ಹನಿ ಲೈಟ್ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಆರುತ್ತದೋ, ಹಾಗೇ ಇರುತ್ತದೋ?

ಕುಮಟಾ_ರೈಡರ್ | ಆಗಸ್ಟ್ 4

ಒಪ್ಪಿದೆ ಅಣ್ಣ. ಬೈಕಿನ ಟ್ಯಾಂಕಿಗೆ ಮಾಡಿದ್ದೆ, ಅದೇ ಇದಕ್ಕೂ ಅಂದುಕೊಂಡೆ.

ಅಡಿಕೆ_ಜೀಪು | ಆಗಸ್ಟ್ 4

ನಮ್ಮ ಹಳೆ ಜೀಪಿನದು ನಿಜವಾದ ಗ್ಲಾಸು, ಗುಂಡು ದೀಪ. ತೋಟದ ರಸ್ತೆಯಲ್ಲಿ ಮೂವತ್ತು ವರ್ಷ ಕೆಸರು ಕುಡಿದರೂ ಹಳದಿ ಆಗಿಲ್ಲ. ಅಂಬಾಸಿಡರ್‌ನದೂ ಹಾಗೇ. ಪ್ಲಾಸ್ಟಿಕ್ ಯಾಕೆ ತಂದರೋ.

ಶಿರಸಿ_ಪೇಂಟರ್ | ಆಗಸ್ಟ್ 4

ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತದೆ, ಕಲ್ಲು ಹಾರಿದರೆ ಚೂರಾಗುವುದಿಲ್ಲ. ನಿಮ್ಮ ಜೀಪಿನ ಗ್ಲಾಸಿಗೆ ಒಂದು ಕಲ್ಲು ಬಿದ್ದಿಲ್ಲ ಅಷ್ಟೇ ಭಾವ.

ಅಡಿಕೆ_ಜೀಪು | ಆಗಸ್ಟ್ 4

ಬಿದ್ದಿದೆ, ಎರಡು ಸಲ. ಅದನ್ನು ಬರೆಯಲಿಲ್ಲ.

ಕೋಡಿಬಾಗ_ಗಾಡಿ | ಆಗಸ್ಟ್ 5

ಪೇಂಟರ್ ಅಣ್ಣ, ಮೂರೂ ಮಾಡಿದೆ. ಕೆಳಗಿನ ಮೂಲೆಗೆ ಸ್ಪ್ರೇ ತಾಗಿರಲಿಲ್ಲ, ಅಲ್ಲಿ ನೀರು ಬಿದ್ದ ಕೂಡಲೇ ಒಳಗಿನ ಬಲ್ಬು ಚೆನ್ನಾಗಿ ಕಾಣುತ್ತದೆ, ಆರಿದರೆ ಮತ್ತೆ ಮಂಕು. ಬಿಳಿಯಾದ ಜಾಗದಲ್ಲಿ ನೀರು ಹಾಕಿದರೂ ವ್ಯತ್ಯಾಸ ಇಲ್ಲ. ಕಲೆಯ ಅಂಚಿನಲ್ಲಿ ಉಗುರು ಸಣ್ಣಗೆ ತಡೆಯುತ್ತದೆ, ಹೌದು. ಎಡ ದೀಪದ ಹನಿ ಒಂದು ಗಂಟೆ ಲೈಟ್ ಹಚ್ಚಿಟ್ಟರೂ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ಸ್ಪ್ರೇ ಡಬ್ಬಿಯ ಮೇಲೆ ಮರ, ಲೋಹ ಅಂತ ಬರೆದಿದೆ. ಬಿಸಿಲಿನ ಬಗ್ಗೆ ಏನೂ ಇಲ್ಲ.

ಶಿರಸಿ_ಪೇಂಟರ್ | ಆಗಸ್ಟ್ 5

ಒಳ್ಳೆಯದಾಯಿತು. ನೀರು ಬಿದ್ದಾಗ ಬಲ್ಬು ಕಂಡಿತು ಅಂದರೆ ಮಂಕು ಇರುವುದು ಮೇಲ್ಮೈಯಲ್ಲಷ್ಟೇ, ದೀಪ ಉಳಿಯುತ್ತದೆ. ನಿಮ್ಮಲ್ಲಿ ನಾಲ್ಕು ಬೇರೆ ಬೇರೆ ತಪ್ಪು ಒಂದರ ಮೇಲೊಂದು ಕೂತಿವೆ. ಬಿಡಿಸಿ ಹೇಳುತ್ತೇನೆ, ಉದ್ದ ಆಗುತ್ತದೆ.

ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ಅದರ ಚರ್ಮ ಮೆತ್ತಗೆ. ಬೇಗ ಗೀರು ಬೀಳುತ್ತದೆ, ಬಿಸಿಲಿನ ಯುವಿ ಕಿರಣಕ್ಕೆ ಹಳದಿಯಾಗುತ್ತದೆ. ಅದಕ್ಕೇ ಕಂಪನಿಯಲ್ಲಿ ತೆಳ್ಳಗಿನ ಗಟ್ಟಿ ಕೋಟ್ ಕೊಟ್ಟಿರುತ್ತಾರೆ. ಗೀರು ತಡೆಯುವುದು, ಯುವಿ ತಡೆಯುವುದು ಎರಡೂ ಅದರದೇ ಕೆಲಸ. ವರ್ಷಗಟ್ಟಲೆ ಬಿಸಿಲು ತಿಂದು ಈ ಕೋಟ್ ಮೊದಲು ಸಾಯುತ್ತದೆ. ಹಳದಿಯಾಗಿ, ಬಿರಿದು, ಅಲ್ಲಲ್ಲಿ ಏಳುತ್ತದೆ. ನಿಮ್ಮ ಕಡೆ ಗಾಳಿಗೆ ಹಾರುವ ಸಣ್ಣ ಮರಳು ಅದಕ್ಕೆ ಇನ್ನೊಂದಿಷ್ಟು ಸಹಾಯ ಮಾಡುತ್ತದೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ದೀಪ ಒರೆಸುವ ಅಭ್ಯಾಸ ಇದ್ದರೆ ಬಿಡಿ, ಅದೂ ಮರಳು ಕಾಗದದ ಕೆಲಸವೇ.

ಮೇ ತಿಂಗಳಲ್ಲಿ ನೀವು 1000ದಿಂದ ಶುರು ಮಾಡಿದಿರಿ. ಸತ್ತ ಕಡೆ ಕೋಟ್ ಹೋಯಿತು, ಜೀವ ಇದ್ದ ಕಡೆ ಉಳಿಯಿತು. ನಿಮ್ಮ ದ್ವೀಪಗಳು ಅವೇ, ಉಗುರು ತಡೆಯುವುದು ಅದರ ದಡಕ್ಕೆ. ಹೊಳಪಂತೂ ಬಂತು, ಆದರೆ ಮೈಮೇಲೆ ಬಟ್ಟೆ ಇಲ್ಲ. ಬರಿ ಮೈಯಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿದಿರಿ. ಎರಡು ತಿಂಗಳು ಬಾಳಿದ್ದೇ ಹೆಚ್ಚು. ಟೂತ್‌ಪೇಸ್ಟಿನದೂ ಇದೇ ಕಥೆ. ಅದರಲ್ಲಿರುವ ನಯವಾದ ಪುಡಿ ಉಜ್ಜುತ್ತದೆ, ಕಾಪಾಡುವುದಿಲ್ಲ.

ಇನ್ನು ಮಜ್ಜಿಗೆ. ಸ್ಪ್ರೇ ಹೊಡೆದಾಗ ಅದರ ದ್ರಾವಕ ಬೇಗ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಂಪು ಅನಿಸುತ್ತದಲ್ಲ, ಹಾಗೆ. ಮಳೆಗಾಲದ ಗಾಳಿಯಲ್ಲಿ ನೀರು ತುಂಬಿರುತ್ತದೆ. ತಣ್ಣೀರಿನ ತಂಬಿಗೆಯ ಹೊರಗೆ ಬೆವರು ಕೂರುವಂತೆ ಆ ತೇವ ಹಸಿ ಲ್ಯಾಕರಿನ ಮೇಲೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಳಿ ಕಾಣುವುದು ಅದು. ನಮ್ಮ ಶೆಡ್ಡಿನಲ್ಲಿ ಬ್ಲಶ್ ಹೊಡೆಯಿತು ಅನ್ನುತ್ತೇವೆ. ಮಳೆ ನಿಂತಿತ್ತು ಅಂದಿರಿ. ಮಳೆ ನಿಂತರೆ ಗಾಳಿ ಒಣಗಿತು ಅಂತ ಅಲ್ಲ. ಜುಲೈನಲ್ಲಿ ನಿಮ್ಮ ಮನೆಯ ಉಪ್ಪಿನ ಡಬ್ಬಿ ತೆಗೆದು ನೋಡಿ, ಗೊತ್ತಾಗುತ್ತದೆ. ಆ ಲ್ಯಾಕರ್ ಬಿಳಿ ಆಗದೇ ಇದ್ದಿದ್ದರೂ ಬಿಸಿಲಿಗೆ ನಿಲ್ಲುತ್ತಿರಲಿಲ್ಲ, ಎರಡು ಮೂರು ತಿಂಗಳಲ್ಲಿ ಸಿಪ್ಪೆ ಏಳುತ್ತಿತ್ತು.

ಒಳಗಿನ ಹನಿ ಬೇರೆ ಕಾಯಿಲೆ. ಅದಕ್ಕೆ ಇಲ್ಲಿ ಬೇರೆಯವರು ಹೇಳಲಿ.

ಈಗ ಮಾಡಬೇಕಾದದ್ದು: ಚೌತಿಗೆ ಮುಂಚೆ ತಾತ್ಕಾಲಿಕ ಕೆಲಸ, ಪಕ್ಕಾ ಕೆಲಸ ದೀಪಾವಳಿ ಕಳೆದ ಮೇಲೆ. ಈಗ 600 ನಂಬರ್ ಪೇಪರ್ ತನ್ನಿ, ನಂಬರ್ ಕಮ್ಮಿಯಾದಷ್ಟೂ ಪೇಪರ್ ಒರಟು. ಸುತ್ತ ಬಂಪರ್, ಬಾನೆಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಹಾಕಿ. ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ. ಪೇಪರ್ ಹತ್ತು ನಿಮಿಷ ನೆನೆಯಲಿ. ಕೈಬೆರಳಲ್ಲಿ ಒತ್ತಬೇಡಿ, ಬೆರಳಿನ ಗುಳಿ ಬೀಳುತ್ತದೆ. ಹಳೆ ಹವಾಯಿ ಚಪ್ಪಲಿಯ ತುಂಡಿಗೆ ಪೇಪರ್ ಸುತ್ತಿ. ಲ್ಯಾಕರ್ ಅಂಟಂಟಾಗಿ ಪೇಪರಿಗೆ ಹಿಡಿಯುತ್ತದೆ, ಆಗಾಗ ತೊಳೆಯಿರಿ.

ಇಲ್ಲಿ ಒಂದು ಗುರುತು ಇದೆ. ಉಜ್ಜುವಾಗ ಇಳಿಯುವ ನೀರು ನೋಡುತ್ತಿರಿ. ಲ್ಯಾಕರ್ ಹೋದ ಮೇಲೆ ಹಳೆ ಕೋಟ್ ಏಳುವಾಗ ಅರಿಶಿನ ಕದಡಿದ ಹಾಗೆ ಹಳದಿ ನೀರು ಇಳಿಯುತ್ತದೆ. ಕೋಟ್ ಪೂರ್ತಿ ಹೋದಾಗ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ. ಎಲ್ಲ ಕಡೆ ಅಕ್ಕಿ ನೀರು ಬರುವವರೆಗೆ 600 ಬಿಡಬೇಡಿ. 600ಕ್ಕೆ ಬಗ್ಗದ ದ್ವೀಪ ಇದ್ದರೆ ಅಲ್ಲಿಗಷ್ಟೇ 400. ದೀಪ ಪೂರ್ತಿ ಕುರುಡಾಗುತ್ತದೆ, ಹೆದರಬೇಡಿ. ಎಲ್ಲರೂ ಕೈಬಿಡುವುದು ಇಲ್ಲೇ.

ಆಮೇಲೆ 800, 1000, 1500, 2000. ಪ್ರತಿ ನಂಬರಿಗೂ ದಿಕ್ಕು ಬದಲಿಸಿ. 600 ಅಡ್ಡಕ್ಕೆ, 800 ಉದ್ದಕ್ಕೆ, 1000 ಮತ್ತೆ ಅಡ್ಡಕ್ಕೆ. ಹಿಂದಿನ ನಂಬರಿನ ಗೀರು ಉಳಿದಿದ್ದರೆ ಆಗ ಕಾಣುತ್ತದೆ. ಗೋಲ ಗೋಲ ಉಜ್ಜಿದರೆ ಯಾವ ಗೀರು ಯಾವುದರದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ನಂಬರ್ ಬದಲಿಸುವ ಮುಂಚೆ ಬಕೆಟ್ ನೀರೂ ಬದಲಿಸಿ. 600ರ ಒಂದು ಕಣ 2000ದ ಕೆಳಗೆ ಸಿಕ್ಕರೆ ಇಡೀ ಕೆಲಸ ಮತ್ತೆ ಮೊದಲಿಂದ. ಕೊನೆಗೆ ಕಾಂಪೌಂಡ್. ಬಫಿಂಗ್ ಮಷಿನ್ ಸಿಕ್ಕರೆ ನಿಧಾನ ಓಡಿಸಿ, ಒಂದೇ ಕಡೆ ನಿಲ್ಲಿಸಿದರೆ ಪ್ಲಾಸ್ಟಿಕ್ ಬಿಸಿಯಾಗಿ ಕೆಡುತ್ತದೆ. ಮೇಲೆ ಕಾರ್ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಚ್ಚುತ್ತಿರಿ. ಇದು ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹಾಗೆ, ಮಳೆಗಾಲ ದಾಟಿಸಿದರೆ ಸಾಕು.

ಹಳದೀಪುರ_ಅಕ್ಕ | ಆಗಸ್ಟ್ 6

ಒಳಗಿನ ಹನಿಗೆ ನಾನು ಹೇಳುತ್ತೇನೆ, ಹೋದ ವರ್ಷ ಅನುಭವಿಸಿದ್ದೇನೆ. ಸ್ವಲ್ಪ ಹಬೆ ಬಂದು, ಲೈಟ್ ಹಚ್ಚಿದ ಮೇಲೆ ಹೋದರೆ ಅದು ಸಹಜ. ದೀಪದ ಹಿಂದೆ ಉಸಿರಾಡಲು ಸಣ್ಣ ರಂಧ್ರ ಇಟ್ಟಿರುತ್ತಾರೆ. ಹನಿ ನಿಂತಿದೆ ಅಂದರೆ ನೀರು ಒಳಗೆ ಬರುತ್ತಿದೆ, ಇಲ್ಲ ಹೊರಗೆ ಹೋಗಲು ದಾರಿ ಇಲ್ಲ.

ಮೊದಲು ಬಾನೆಟ್ ಎತ್ತಿ ಬಲ್ಬಿನ ಹಿಂದಿನ ರಬ್ಬರ್ ಟೊಪ್ಪಿ ನೋಡಿ. ಬಲ್ಬ್ ಬದಲಿಸಿದವರು ಸರಿಯಾಗಿ ಕೂರಿಸಿರುವುದಿಲ್ಲ. ನನ್ನದು ಸರಿಯಾಗೇ ಇತ್ತು. ಆಮೇಲೆ ಉಸಿರು ಕೊಳವೆ ಬಗ್ಗಿಸಿ ನೋಡಿದರೆ ಅದರೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ನೀಟಾಗಿ ಬಿರಡೆ ಹಾಕಿತ್ತು! ಹೇರ್‌ಪಿನ್ನಿನಲ್ಲಿ ತೆಗೆದೆ. ಟೊಪ್ಪಿ ಬಿಚ್ಚಿ ಒಂದು ದಿನ ಬಿಸಿಲಿಗಿಟ್ಟೆ, ಆರಿತು.

ಅಂಚಿನ ಸೀಲ್ ಬಿರಿದಿದ್ದರೆ ಸಿಲಿಕಾನ್ ಹಾಕಬೇಕು. ವಿನೆಗರ್ ವಾಸನೆ ಬರುವ ಸಿಲಿಕಾನ್ ತರಬೇಡಿ. ಅದರ ಆಮ್ಲದ ಹಬೆ ಒಳಗಿನ ಬೆಳ್ಳಿ ಹೊಳಪನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಕೇಳಿ ತನ್ನಿ. ನೀರು ಹೋಗಲಿ ಅಂತ ಕೆಳಗೆ ತೂತು ಕೊರೆಯಿರಿ ಅನ್ನುವವರಿದ್ದಾರೆ. ಕೇಳಬೇಡಿ. ಹೋಗುವ ನೀರಿಗಿಂತ ಬರುವ ಧೂಳು ಜಾಸ್ತಿ.

ಬೈತಖೋಲ_ವೈರಿಂಗ್ | ಆಗಸ್ಟ್ 6

ಎಲ್ಲರೂ ಗ್ಲಾಸಿನ ಹಿಂದೆ ಬಿದ್ದಿದ್ದೀರಿ. ನಾನು ಬಂದರಿನಲ್ಲಿ ಬೋಟಿನ ವೈರಿಂಗ್ ಮಾಡುವವನು, ನನಗೆ ಮೊದಲು ಕಾಣುವುದು ಉಪ್ಪು. ಕಾರವಾರದ ಗಾಡಿ, ಹನ್ನೊಂದು ವರ್ಷ, ಓಣಿಯಲ್ಲಿ ನಿಂತದ್ದು. ಅರ್ಥ್ ಪಾಯಿಂಟ್ (ದೀಪದ ನೆಗೆಟಿವ್ ವೈರನ್ನು ಗಾಡಿಯ ಮೈಗೆ ಬೋಲ್ಟ್ ಹಾಕಿದ ಜಾಗ) ಹಸಿರು ತುಕ್ಕು ಹಿಡಿದೇ ಇರುತ್ತದೆ.

ನೋಡುವುದು ಸುಲಭ. ಎಂಜಿನ್ ಓಡಲಿ, ಡಿಪ್ ಹಚ್ಚಿ. ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಬಲ್ಬಿನ ಅರ್ಥ್ ಪಿನ್ನಿಗೆ. 0.2 ವೋಲ್ಟಿನ ಒಳಗಿದ್ದರೆ ಸರಿ. ಅದಕ್ಕಿಂತ ಮೇಲಿದ್ದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರುತ್ತಿದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇಕಡ 10 ಕಮ್ಮಿಯಾದರೆ ಬೆಳಕು ಬರೀ ಶೇಕಡ 10 ಅಲ್ಲ, ಹತ್ತಿರ ಹತ್ತಿರ 30 ಕಮ್ಮಿಯಾಗುತ್ತದೆ.

ಬೆಳಕು ಸಾಲದು ಅಂತ ಎಚ್‌4 ಬಲ್ಬಿನ 60/55 ವ್ಯಾಟ್ (ಹೈ ಬೀಮ್/ಡಿಪ್) ತೆಗೆದು 100/90 ಹಾಕಬೇಡಿ. ಆ ಬಿಸಿಗೆ ರಿಫ್ಲೆಕ್ಟರ್ ಸುಡುತ್ತದೆ, ಗ್ಲಾಸು ಒಳಗಿನಿಂದ ಕಂದಾಗುತ್ತದೆ. ಒಳಗಿನ ಕಂದು ಯಾವ ಪೇಪರಿಗೂ ಸಿಗುವುದಿಲ್ಲ.

ಕೋಡಿಬಾಗ_ಗಾಡಿ | ಆಗಸ್ಟ್ 17

ಅಪ್‌ಡೇಟ್. ಅರ್ಥ್ ನೋಡಿದೆ: ಬಲಕ್ಕೆ 0.9 ವೋಲ್ಟ್! ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಹಿಟ್ಟು. ಉಜ್ಜಿ, ಗ್ರೀಸ್ ಹಚ್ಚಿ, ಬಿಗಿ ಮಾಡಿದೆ, ಈಗ 0.1. ಬೈತಖೋಲದವರೇ, ಮೀನೂಟ ನನ್ನ ಲೆಕ್ಕ.

ಎಡದ ಹನಿಗೆ ಕಾರಣ ರಬ್ಬರ್ ಟೊಪ್ಪಿಯೇ. ತಲೆಕೆಳಗಾಗಿ ಕೂತಿತ್ತು. ಬಲ್ಬ್ ಬದಲಿಸಿದ್ದು ನಾನೇ, ಬೇರೆ ಯಾರನ್ನೂ ಬೈಯುವಂತಿಲ್ಲ.

ಉಜ್ಜುವ ಕೆಲಸ ಸ್ವಾತಂತ್ರ್ಯ ದಿನದ ರಜೆಯಲ್ಲಿ ಆಯಿತು. ಒಂದು ದೀಪಕ್ಕೆ ಎರಡೂವರೆ ಗಂಟೆ. ಹಳದಿ ನೀರು ಬಂದದ್ದು ನೋಡಿ ಖುಷಿಯಾಯಿತು. ಬಲಗಡೆಯ ದೊಡ್ಡ ದ್ವೀಪ 600ಕ್ಕೆ ಜಪ್ಪಯ್ಯ ಅನ್ನಲಿಲ್ಲ, 400 ತರಲು ಮತ್ತೆ ಪೇಟೆಗೆ ಹೋದೆ. ಟೇಪ್ ಒಂದು ಕಡೆ ಬಿಟ್ಟುಕೊಂಡಿತ್ತು, ಬಂಪರ್ ಮೂಲೆಗೆ ಎರಡು ಇಂಚು ಗೀರು. ಪೂರ್ತಿ ಕುರುಡಾದಾಗ ಅಪ್ಪ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು. ಅದು ಬೈಗುಳಕ್ಕಿಂತ ಕಷ್ಟ.

ಈಗ ಚೆನ್ನಾಗಿದೆ. ವ್ಯಾಕ್ಸ್ ಹಚ್ಚಿದ್ದೇನೆ. ಪಕ್ಕಾ ಕೆಲಸಕ್ಕೆ ಏನು ತರಬೇಕು ಹೇಳಿ.

ಶಿರಸಿ_ಪೇಂಟರ್ | ಆಗಸ್ಟ್ 18

2ಕೆ ಕ್ಲಿಯರ್. ಅಂದರೆ ಕ್ಲಿಯರ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡೂ ಇರುವಂಥದು. ಸ್ಪ್ರೇ ಡಬ್ಬಿಯಲ್ಲೇ ಬರುತ್ತದೆ, ತಳದಲ್ಲಿರುವ ಗುಂಡಿ ಒತ್ತಿದರೆ ಒಳಗೆ ಎರಡೂ ಬೆರೆಯುತ್ತವೆ. ಬೆರೆತ ಮೇಲೆ ಒಂದೆರಡು ದಿನದೊಳಗೆ ಮುಗಿಸಬೇಕು, ಉಳಿದದ್ದು ಕಲ್ಲಾಗುತ್ತದೆ. ಡಬ್ಬಿಯ ಮೇಲೆ ಹೆಡ್‌ಲೈಟಿಗೆ ಅಂತ ಇರಬೇಕು, ಯುವಿ ತಡೆಯುತ್ತದೆ ಅಂತ ಇರಬೇಕು. ಎರಡಕ್ಕೂ ರಾಜಿ ಬೇಡ.

ಮುಖ್ಯ ಮಾತು. ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಮೈಗೆ ಹಿಡಿದರೆ ಉಬ್ಬಸ ಬಿಡುವುದಿಲ್ಲ. ಬಟ್ಟೆ ಮಾಸ್ಕ್, ಕೋವಿಡ್ ಕಾಲದ ಮಾಸ್ಕ್ ಯಾವುದೂ ನಡೆಯುವುದಿಲ್ಲ. ಪೇಂಟ್ ಹಬೆ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕನ್ನಡಕ, ಕೈಗವಸು, ತೆರೆದ ಜಾಗ. ಮಕ್ಕಳು ಹತ್ತಿರ ಬೇಡ. ಮನೆಯಲ್ಲಿ ಉಬ್ಬಸದವರಿದ್ದರೆ ನೀವು ಮಾಡಲೇಬೇಡಿ, ಶೆಡ್ಡಿಗೆ ಕೊಡಿ. ಇಲ್ಲ ಅಂದರೆ ಪಿಪಿಎಫ್ ಅನ್ನುವ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಿಕೊಳ್ಳಿ. ಅದೂ ಯುವಿ ತಡೆಯುತ್ತದೆ, ಹಬೆಯ ರಗಳೆ ಇಲ್ಲ. ಉಬ್ಬುತಗ್ಗಿನ ದೀಪಕ್ಕೆ ಸುಕ್ಕಿಲ್ಲದೆ ಕೂರಿಸುವುದು ಮಾತ್ರ ಕೈಪಳಗಿದವರ ಕೆಲಸ.

ದಿನ ಆರಿಸುವುದು ಡಬ್ಬಿ ಆರಿಸುವಷ್ಟೇ ಮುಖ್ಯ. ಕರಾವಳಿಯಲ್ಲಿ ನವೆಂಬರ್ ಮಧ್ಯದಿಂದ ಫೆಬ್ರುವರಿ ಒಳ್ಳೆಯದು. ಬೆಳಿಗ್ಗೆ ಇಬ್ಬನಿ ಹೋದ ಮೇಲೆ, ಮಧ್ಯಾಹ್ನದ ಸಮುದ್ರ ಗಾಳಿ ಜೋರಾಗುವ ಮುಂಚೆ. ಹತ್ತರಿಂದ ಹನ್ನೆರಡು ಅಂತ ಇಟ್ಟುಕೊಳ್ಳಿ. ಫೋನಿನಲ್ಲಿ ತೇವಾಂಶ ನೋಡಿ, 70ರ ಕೆಳಗಿದ್ದರೆ ನಿಶ್ಚಿಂತೆ. ದೀಪ ನೆರಳಲ್ಲಿರಲಿ, ಕಾದ ಪ್ಲಾಸ್ಟಿಕ್ಕಿಗೆ ಹೊಡೆಯಬೇಡಿ.

ಇನ್ನೊಂದು ಗುಟ್ಟು. ಆ ದಿನ 600ರಿಂದ ಮತ್ತೆ ಬೇಡ, 1000 ಮತ್ತು 1500 ಸಾಕು. ಕಾಂಪೌಂಡ್ ಹಚ್ಚಲೇಬೇಡಿ. ಎಲ್ಲರೂ ಹೊಳಪು ತಂದು ಆಮೇಲೆ ಕ್ಲಿಯರ್ ಹೊಡೆಯುತ್ತಾರೆ, ಅದು ಹಿಡಿಯುವುದಿಲ್ಲ. ಕಾಂಪೌಂಡಿನ ಎಣ್ಣೆ ಕೂತಿರುತ್ತದೆ, ಮೈ ನುಣುಪಾಗಿರುತ್ತದೆ. ಮಂಕಾಗಿರಲಿ. ಕ್ಲಿಯರ್ ಆ ಸಣ್ಣ ಗೀರುಗಳನ್ನು ತುಂಬಿಕೊಂಡು ತಾನೇ ಪಾರದರ್ಶಕ ಆಗುತ್ತದೆ. ನೀರು ಹಾಕಿದಾಗ ಕಾಣುತ್ತಿತ್ತಲ್ಲ, ಅದೇ ಲೆಕ್ಕ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಎರಡು ಸಲ ಒರೆಸಿ, ಬೇರೆ ಬೇರೆ ಬಟ್ಟೆ. ಮೊದಲ ಕೋಟ್ ಮಂಜು ಬಿದ್ದ ಹಾಗೆ ತೆಳು. ಹತ್ತು ನಿಮಿಷ ಬಿಟ್ಟು ಎರಡನೆಯದು ಒದ್ದೆಯಾಗಿ, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಕೈ ದೀಪದ ಹೊರಗೆ ಶುರುವಾಗಿ ಹೊರಗೇ ನಿಲ್ಲಬೇಕು. ಮಧ್ಯೆ ನಿಂತರೆ ಸೋರುತ್ತದೆ.

ಕುಮಟಾ_ರೈಡರ್ | ಆಗಸ್ಟ್ 18

ಅಣ್ಣ, ಬೈಕಿನ ವೈಸರ್‌ಗೂ ಇದೇ ಮಾಡಬಹುದಾ? ಹೆಲ್ಮೆಟ್ಟಿನದು.

ಶಿರಸಿ_ಪೇಂಟರ್ | ಆಗಸ್ಟ್ 18

ಬೇಡ ತಮ್ಮ. ಅದರೊಳಗಿಂದ ನೀನು ರಸ್ತೆ ನೋಡಬೇಕು. ಹೊಸ ವೈಸರ್ ಹಾಕು.

ಕೋಡಿಬಾಗ_ಗಾಡಿ | ನವೆಂಬರ್ 23

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ದೀಪಾವಳಿ ಕಳೆದ ಮೇಲೂ ಮಳೆ ಬಂತು, ಕಾದೆ. ಹೋದ ಭಾನುವಾರ ಬೆಳಿಗ್ಗೆ ಹತ್ತೂವರೆ, ತೇವಾಂಶ 58. ಮಾಸ್ಕ್ ಹಾಕಿಕೊಂಡು ಹೊರಗೆ ಬಂದಾಗ ಓಣಿಯ ಮಕ್ಕಳೆಲ್ಲ ಸುತ್ತ ನಿಂತರು. ಓಡಿಸಲು ಹತ್ತು ನಿಮಿಷ ಹಿಡಿಯಿತು.

1500ರಲ್ಲಿ ಉಜ್ಜಿ ಒರೆಸಿದಾಗ ದೀಪ ಹಾಲುಬಣ್ಣ. ಇದಕ್ಕೆ ಹೊಡೆದರೆ ಮತ್ತೆ ಮಜ್ಜಿಗೆಯೇ ಗತಿ ಅಂತ ಕೈ ನಡುಗಿತು. ಮೊದಲ ತೆಳು ಕೋಟಿಗೆ ಏನೂ ಆಗಲಿಲ್ಲ, ಚುಕ್ಕೆ ಚುಕ್ಕೆ. ಎರಡನೆಯದು ಬಿದ್ದದ್ದೇ ತಡ, ಎಡಗಡೆಯಿಂದ ಬಲಕ್ಕೆ ಕೈ ಹೋದ ಹಾಗೆ ಪರದೆ ಸರಿದಂತೆ ಒಳಗಿನ ರಿಫ್ಲೆಕ್ಟರ್, ಬಲ್ಬು, ಅದರ ತುದಿಯ ಬೂದು ಟೊಪ್ಪಿ ಎಲ್ಲ ಕಂಡವು. ಎಷ್ಟು ಸಲ ಹೇಳಿದರೂ ನೋಡಿದವರಿಗೇ ಗೊತ್ತು. ಅಪ್ಪ ಬಂದರು, ಬಗ್ಗಿ ನೋಡಿದರು, "ಆ ಕಡೆಯದೂ ಮಾಡು" ಅಂದರು.

24 ಗಂಟೆ ನೀರು ತಾಗಿಸಲಿಲ್ಲ. ನಿನ್ನೆ ರಾತ್ರಿ ಯಲ್ಲಾಪುರಕ್ಕೆ ಹೋಗಿ ಬಂದೆ. ಅರಬೈಲಿನ ತಿರುವಿನಲ್ಲಿ ರಸ್ತೆ ಅಂಚಿನ ಬಿಳಿ ಪಟ್ಟಿ ಇದೆ ಅಂತ ನನಗೆ ಈ ವರ್ಷ ಮೊದಲ ಸಲ ಗೊತ್ತಾಯಿತು. ಎದುರಿನವರು ಡಿಪ್ ಮಾಡಿ ಅಂತ ಎರಡು ಸಲ ಫ್ಲ್ಯಾಶ್ ಹೊಡೆದರು. ಡಿಪ್ಪಲ್ಲೇ ಇದ್ದೆ. ಬೀಮ್ ಎತ್ತರ ಸರಿ ಮಾಡಿಸಬೇಕು ಅಂತ ಕಾಣುತ್ತದೆ. ಮೊದಲು ಮಂಕಾಗಿದ್ದಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ತೊಂದರೆ. ಬಲ ದೀಪದ ಮೇಲ್ಗಡೆ ಮೂರನೆಯ ಕೋಟ್ ಹಸಿ ಇದ್ದಾಗ ಒಂದು ಸಣ್ಣ ನೊಣ ಬಂದು ಕೂತು ಅಲ್ಲೇ ಉಳಿಯಿತು. ರೆಕ್ಕೆ ಸಮೇತ. ತೆಗೆಯಬಹುದಾ?

ಶಿರಸಿ_ಪೇಂಟರ್ | ನವೆಂಬರ್ 23

ಈಗ ಮುಟ್ಟಬೇಡಿ. ಇನ್ನೊಂದು ವಾರ ಗಟ್ಟಿಯಾಗಲಿ. ಆಮೇಲೆ 2000 ಪೇಪರನ್ನು ಪೆನ್ಸಿಲ್ ಹಿಂದಿನ ರಬ್ಬರಿಗೆ ಸುತ್ತಿ, ನೊಣದ ಮೇಲಷ್ಟೇ ಒದ್ದೆ ಮಾಡಿ ಉಜ್ಜಿ. ಮಟ್ಟ ಆದ ಕೂಡಲೇ ನಿಲ್ಲಿಸಿ, ಕೋಟ್ ದಾಟಿ ಕೆಳಗೆ ಹೋಗಬಾರದು. ಈಗ ಕಾಂಪೌಂಡ್ ಹಚ್ಚಬಹುದು. ಒಂದು ಕಾಲು ಉಳಿದರೆ ಉಳಿಯಲಿ, ಬಿಡಿ.

ಬೀಮಿಗೆ: ಚಕ್ರದ ಗಾಳಿ ಸರಿ ಇರಲಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ. ದೀಪದ ನಡುವಿನ ಎತ್ತರವನ್ನು ಗೋಡೆಗೆ ಟೇಪ್ ಹಾಕಿ ಗುರುತು ಮಾಡಿ. ಡಿಪ್ ಹಚ್ಚಿದಾಗ ಬೆಳಕಿನ ಮೇಲಂಚು ಆ ಟೇಪಿಗಿಂತ ಎರಡು ಮೂರು ಇಂಚು ಕೆಳಗಿರಬೇಕು. ತಿರುಪು ದೀಪದ ಹಿಂದೆಯೇ ಇದೆ, ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು.

ಬೈತಖೋಲ_ವೈರಿಂಗ್ | ನವೆಂಬರ್ 24

ಮೀನೂಟ ಬಾಕಿ ಇದೆ.